ಹಳೆಯ ನೆಗೆಟಿವ್‌ಗಳು: ಡಬ್ಬಿಯಿಂದ ಕಂಪ್ಯೂಟರಿನವರೆಗೆ

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅಪ್ಪ ತೆಗೆದ ಒಂದು ಗುಂಪು ಚಿತ್ರವಿದೆ. ಹದಿಮೂರು ಜನ ಎರಡು ಸಾಲಿನಲ್ಲಿ ನೆಟ್ಟಗೆ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕ್ಯಾಮೆರಾವನ್ನು ನೋಡುತ್ತಿದ್ದಾರೆ. ಅದನ್ನು ನಾನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ಅಪ್ಪ ಹೋದ ಮೇಲೆ ಅವರ ಕಪಾಟಿನಲ್ಲಿದ್ದ ತಗಡಿನ ಡಬ್ಬಿಯೊಳಗೆ ಅದರ ನೆಗೆಟಿವ್, ಅಂದರೆ ಬೆಳಕು ಕತ್ತಲು ತಿರುವುಮುರುವಾಗಿ ಮೂಡಿರುವ ಮೂಲ ಫಿಲ್ಮಿನ ಪಟ್ಟಿ, ಸಿಕ್ಕಿತು. ಅದೇ ಪಟ್ಟಿಯ ಮುಂದಿನ ಫ್ರೇಮಿನಲ್ಲಿ ಗುಂಪು ಚದುರುತ್ತಿದೆ. ಅಮ್ಮ ಹಿಂದಿನ ಸಾಲಿನವರಿಗೆ ಏನೋ ಹೇಳಿ, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ. ಕೈ ಅಲುಗಿ ಚಿತ್ರ ಸ್ವಲ್ಪ ಮಸುಕಾಗಿದೆ. ಮಸುಕಾಗಿದೆ ಎಂದೇ ಅದಕ್ಕೆ ಪ್ರಿಂಟ್ ಹಾಕಿಸಿರಲಿಲ್ಲ. ಅಮ್ಮ ಹಾಗೆ ಮನಸ್ಸು ಬಿಚ್ಚಿ ನಗುವ ಚಿತ್ರ ನಮ್ಮಲ್ಲಿ ಇನ್ನೊಂದಿಲ್ಲ.

ಆಲ್ಬಮ್ಮಿನಲ್ಲಿ ಇರುವುದು ಯಾರೋ ಆಯ್ದು ಉಳಿಸಿಕೊಂಡ ಚಿತ್ರಗಳು. ನೆಗೆಟಿವಿನಲ್ಲಿ ಆ ದಿನವೇ ಇರುತ್ತದೆ, ನಡೆದ ಕ್ರಮದಲ್ಲಿ. ಪ್ರಿಂಟ್ ಹಾಕುವಾಗ ಅಂಚಿನಲ್ಲಿ ಕತ್ತರಿಸಿ ಹೋದದ್ದು, ಕಪ್ಪಾಗಿ ಮುಳುಗಿಹೋದ ಮುಖ, ಬಿಸಿಲಿನಲ್ಲಿ ಬೆಳ್ಳಗಾದ ಗೋಡೆ ಇವೆಲ್ಲ ನೆಗೆಟಿವಿನಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತವೆ. ಆದ್ದರಿಂದ ಈ ಲೇಖನದ ಉದ್ದಕ್ಕೂ ನಾನು ಒಂದು ಮಾತಿಗೆ ಅಂಟಿಕೊಂಡಿರುತ್ತೇನೆ: ಬಿಡಿ ಚಿತ್ರಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇಡೀ ರೀಲನ್ನು ಹಿಡಿಯಿರಿ.

ಮುಟ್ಟುವ ಮೊದಲು

ನೆಗೆಟಿವ್‌ಗಳು ಸಾಮಾನ್ಯವಾಗಿ ಪ್ರಿಂಟ್‌ಗಳ ಜೊತೆ ಬಂದ ಲಕೋಟೆಯ ಜೇಬಿನಲ್ಲೋ ಆಲ್ಬಮ್ಮಿನ ಹಿಂಬದಿಯಲ್ಲೋ ಸಿಗುತ್ತವೆ. ಸಿಕ್ಕ ಖುಷಿಯಲ್ಲಿ ಎಲ್ಲವನ್ನೂ ಮೇಜಿನ ಮೇಲೆ ಸುರಿಯಬೇಡಿ. ಯಾವ ಪಟ್ಟಿ ಯಾವ ಲಕೋಟೆಯಲ್ಲಿತ್ತು ಎನ್ನುವುದೇ ನಿಮಗೆ ಸಿಗುವ ಮೊದಲ ಸುಳಿವು. ಲಕೋಟೆಯ ಮೇಲೆ ಪೆನ್ನಿನಲ್ಲಿ ಗೀಚಿದ ಒಂದು ತಿಂಗಳ ಹೆಸರು ಅಥವಾ ರಸೀದಿ ಸಂಖ್ಯೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಪ್ರತಿ ಲಕೋಟೆಯ ಎರಡೂ ಬದಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟು, ಅದಕ್ಕೊಂದು ಸಂಖ್ಯೆ ಕೊಡಿ: ರೀಲು 01, ರೀಲು 02, ಹೀಗೆ. ಕಾಲಕ್ರಮವನ್ನು ಆಮೇಲೆ ನೋಡಿಕೊಳ್ಳಬಹುದು.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ, ಸಾಧ್ಯವಾದರೆ ನವಿರಾದ ಹತ್ತಿಯ ಕೈಗವಸು ಹಾಕಿಕೊಳ್ಳಿ. ಪಟ್ಟಿಯನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಬೆರಳಿನ ಜಿಡ್ಡು ಫಿಲ್ಮಿನ ಮೇಲೆ ಕೂತರೆ ವರ್ಷಗಳಲ್ಲಿ ಅದು ಕಲೆಯಾಗಿ ನೆಲೆಸಿಬಿಡುತ್ತದೆ.

ಆಮೇಲೆ ಡಬ್ಬಿಯನ್ನು ಒಮ್ಮೆ ಮೂಸಿ ನೋಡಿ. ವಿನೆಗರಿನ ಹುಳಿ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಫಿಲ್ಮಿನ ತಳ ಕೊಳೆಯಲು ಶುರುವಾಗಿದೆ ಎಂದು ಅರ್ಥ. ಕೊಳೆಯುವಾಗ ಹೊರಬರುವ ಅಸಿಟಿಕ್ ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಪಕ್ಕದ ಪಟ್ಟಿಗಳಿಗೂ ಹಬ್ಬುತ್ತದೆ. ಫಿಲ್ಮ್ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಕೊನೆಗೆ ಚಿತ್ರವಿರುವ ಪದರ ತಳದಿಂದ ಎದ್ದು ಬರುತ್ತದೆ. ಇದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಅಂಥವನ್ನು ಬೇರೆ ಇಟ್ಟು, ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ.

ಇನ್ನೂ ಹಳೆಯ ಫಿಲ್ಮಿನ ವಿಷಯದಲ್ಲಿ ಎಚ್ಚರ ಇರಲಿ. ಕೊಡಾಕ್ ಕಂಪನಿ ನೈಟ್ರೇಟ್ ಫಿಲ್ಮಿನ ತಯಾರಿಕೆಯನ್ನು ಪೂರ್ತಿ ನಿಲ್ಲಿಸಿದ್ದು 1951ರಲ್ಲಿ. ಅದಕ್ಕಿಂತ ಹಿಂದಿನ ಫಿಲ್ಮ್ ಹಳದಿಗಟ್ಟಿ, ಅಂಟಂಟಾಗಿ, ಮೂಗಿಗೆ ಅಡರುವ ವಾಸನೆ ಬೀರುತ್ತಿದ್ದರೆ ಅದು ನೈಟ್ರೇಟ್ ಇರಬಹುದು. ಅದು ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿಗೂ ಆರುವುದಿಲ್ಲ. ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಪದ ಅಚ್ಚಾಗಿದ್ದರೆ ಈ ಭಯ ಇಲ್ಲ. ಇಲ್ಲವಾದರೆ ಬಿಸಿಯಿಂದ ದೂರ, ಗಾಳಿಯಾಡುವ ಕಡೆ ಇಟ್ಟು, ಹಳೆಯ ಫಿಲ್ಮ್ ಸಂರಕ್ಷಿಸುವ ಸಂಸ್ಥೆಯೊಂದನ್ನು ಕೇಳಿ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಒಂದಕ್ಕೊಂದು ಅಂಟಿಕೊಂಡ ಪಟ್ಟಿಗಳನ್ನು ಎಳೆದು ಬಿಡಿಸಬೇಡಿ. ಬಿಡಿಸಿದರೆ ಒಂದರ ಚಿತ್ರ ಇನ್ನೊಂದರ ಬೆನ್ನಿಗೆ ಕಿತ್ತು ಹೋಗುತ್ತದೆ.

ಏನು ಸಿಕ್ಕಿದೆ ಎಂದು ಗುರುತಿಸುವುದು

ಹೆಚ್ಚಿನವರಿಗೆ ಸಿಗುವುದು ಎರಡೂ ಅಂಚಿನಲ್ಲಿ ಸಾಲು ತೂತುಗಳಿರುವ 35 ಮಿ.ಮೀ. ಫಿಲ್ಮ್. ಅದರ ಒಂದು ಫ್ರೇಮ್ 24 × 36 ಮಿ.ಮೀ. ಇರುತ್ತದೆ. ತೂತಿಲ್ಲದ, ಸುಮಾರು 6 ಸೆಂ.ಮೀ. ಅಗಲದ ಪಟ್ಟಿಯಾದರೆ ಅದು 120ರ ಫಿಲ್ಮ್ ಆಗಿರುವ ಸಾಧ್ಯತೆ ಹೆಚ್ಚು. ಚಿತ್ರ ಚೌಕವಾಗಿಯೋ ಉದ್ದವಾಗಿಯೋ ಇರಬಹುದು. ಕಿರುಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡ ಫ್ರೇಮ್‌ಗಳು ಸಿಕ್ಕರೆ ಅದು 110 ಕ್ಯಾಸೆಟ್ಟಿನದು. ಬಣ್ಣದ ನೆಗೆಟಿವಿನ ತಳ ಕಿತ್ತಳೆ, ಕಪ್ಪು-ಬಿಳುಪಿನದು ಬೂದು. ನೇರವಾಗಿ ನೋಡಿದರೇ ಸರಿಯಾದ ಬಣ್ಣ ಕಾಣಿಸಿದರೆ ಅದು ಸ್ಲೈಡ್.

ಫಿಲ್ಮಿಗೆ ಎರಡು ಮುಖ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಮಂಕಾಗಿ ಕಾಣುತ್ತದೆ. ಆ ಮಂಕು ಬದಿಯಲ್ಲೇ ಚಿತ್ರವಿರುವುದು. ಜಿಲೆಟಿನ್ನಿನ ತೆಳು ಪದರ ಅದು, ಬಹಳ ನಾಜೂಕು. ಅಂಚಿನ ಅಕ್ಷರ ಮತ್ತು ಅಂಕಿಗಳು ನೇರವಾಗಿ ಓದಲು ಬಂದರೆ ನೀವು ಹೊಳೆಯುವ ಬದಿಯಿಂದ ನೋಡುತ್ತಿದ್ದೀರಿ. ಆ ಅಂಕಿಗಳೇ ಫ್ರೇಮ್ ಸಂಖ್ಯೆಗಳು, ಮರೆಯದೆ ಬರೆದುಕೊಳ್ಳಿ. ಚೂರುಚೂರಾಗಿ ಬೆರೆತುಹೋದ ಪಟ್ಟಿಗಳನ್ನು ಮತ್ತೆ ಒಂದು ರೀಲಾಗಿ ಜೋಡಿಸಲು ಈ ಸಂಖ್ಯೆ ಮತ್ತು ಅಂಚಿನಲ್ಲಿರುವ ಫಿಲ್ಮಿನ ಹೆಸರು ಎರಡೇ ಸಾಕಾಗುತ್ತವೆ.

ಫೋನಿನಲ್ಲೇ ಮೊದಲ ಸುತ್ತು

ಸ್ಕ್ಯಾನರ್ ಕೊಳ್ಳುವ ಮೊದಲು ಈ ಹೆಜ್ಜೆಯನ್ನು ತಪ್ಪದೆ ಮಾಡಿ. ಒಂದು ಟ್ಯಾಬ್ಲೆಟ್ ಅಥವಾ ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆದು ಹೊಳಪನ್ನು ಪೂರ್ತಿ ಏರಿಸಿ. ಪಟ್ಟಿಯನ್ನು ಪರದೆಯ ಮೇಲೆ ಒತ್ತಬೇಡಿ. ಮೂರು ನಾಲ್ಕು ಸೆಂ.ಮೀ. ಮೇಲೆ ಹಿಡಿಯಿರಿ, ಇಲ್ಲದಿದ್ದರೆ ಪರದೆಯ ಚುಕ್ಕಿಗಳು ಚಿತ್ರದಲ್ಲಿ ಮೂಡುತ್ತವೆ. ಈಗ ಮೊಬೈಲಿನ ಸೆಟ್ಟಿಂಗ್‌ಗಳಲ್ಲಿ, ದೃಷ್ಟಿಗೆ ನೆರವಾಗುವ ಆಯ್ಕೆಗಳ ಪಟ್ಟಿಯಲ್ಲಿ, ಪರದೆಯ ಬಣ್ಣ ತಿರುವುಮುರುವು ಮಾಡುವ ಆಯ್ಕೆ ಇರುತ್ತದೆ. ಅದನ್ನು ಹಾಕಿ ಕ್ಯಾಮೆರಾ ತೆರೆಯಿರಿ. ಕಪ್ಪು ಹಲ್ಲು, ಬಿಳಿ ಕೂದಲಿನ ಭೂತಗಳಂತಿದ್ದವರು ಇದ್ದಕ್ಕಿದ್ದಂತೆ ನಿಮ್ಮವರಾಗಿ ಕಾಣಿಸುತ್ತಾರೆ. ಬಣ್ಣ ನೀಲಿಗಟ್ಟಿರುತ್ತದೆ, ಅದರ ಚಿಂತೆ ಬೇಡ. ಈ ಆಯ್ಕೆ ಪರದೆಯನ್ನು ಮಾತ್ರ ಬದಲಿಸುತ್ತದೆ, ತೆಗೆದ ಚಿತ್ರ ನೆಗೆಟಿವ್ ಆಗಿಯೇ ಉಳಿಯುತ್ತದೆ ಎನ್ನುವುದು ನೆನಪಿರಲಿ.

ಹೀಗೆ ಒಂದೊಂದೇ ಪಟ್ಟಿಯನ್ನು ನೋಡುತ್ತಾ ನೋಟ್‌ಬುಕ್ಕಿನಲ್ಲಿ ಬರೆಯಿರಿ: ರೀಲು 03, ಫ್ರೇಮ್ 7ರಿಂದ 12, ಅಂಗಳ, ಮಕ್ಕಳು. ಒಂದು ಸಾಲು ಸಾಕು. ಬರೆದಾದ ಮೇಲೆ ಮನೆಯ ಹಿರಿಯರ ಜೊತೆ ಕೂತು ಇನ್ನೊಮ್ಮೆ ನೋಡಿ. ಇದನ್ನು ಮುಂದಕ್ಕೆ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸ್ಕ್ಯಾನನ್ನು ಮುಂದಿನ ವರ್ಷವೂ ಮಾಡಬಹುದು. ಈ ಹುಡುಗ ಯಾರು ಎಂದು ಹೇಳಬಲ್ಲವರು ಮುಂದಿನ ವರ್ಷ ಇರುತ್ತಾರೆ ಎನ್ನುವ ಖಾತ್ರಿ ಯಾರಿಗೂ ಇಲ್ಲ.

ನಮ್ಮಲ್ಲಿ ಒಬ್ಬ ಹುಡುಗನ ಚಿತ್ರವಿತ್ತು. ಹತ್ತು ವರ್ಷದವನಿರಬಹುದು, ಬಾಗಿಲಿಗೆ ಒರಗಿ ನಿಂತಿದ್ದಾನೆ. ಯಾರಿಗೂ ಗುರುತು ಸಿಗಲಿಲ್ಲ. ದೊಡ್ಡಮ್ಮ ಮೊದಲು ತಲೆಯಾಡಿಸಿ ಗೊತ್ತಿಲ್ಲ ಎಂದರು. ಪಟ್ಟಿಯನ್ನು ಒಂದು ಫ್ರೇಮ್ ಮುಂದಕ್ಕೆ ಸರಿಸಿದಾಗ ಅಂಚಿನಲ್ಲಿ ಅರ್ಧ ಸೈಕಲ್ ಕಾಣಿಸಿತು, ಹ್ಯಾಂಡಲ್ಲಿಗೆ ಒಂದು ಬಟ್ಟೆಯ ಚೀಲ ನೇತಾಡುತ್ತಿತ್ತು. ದೊಡ್ಡಮ್ಮ ಫೋನನ್ನು ಕೈಗೆ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದರು. ಆ ಚೀಲ ತಾವೇ ಹೊಲಿದದ್ದು ಎಂದರು. ಚೀಲ ಯಾರಿಗೆ ಕೊಟ್ಟಿದ್ದು ಎಂದು ನೆನಪಾಯಿತು, ಅವರ ಮಗ ಎಂದು ಹುಡುಗನ ಹೆಸರೂ ಬಂತು. ಆ ಸೈಕಲ್ಲಿನ ಫ್ರೇಮನ್ನು ಕೆಟ್ಟ ಚಿತ್ರವೆಂದು ಬಿಟ್ಟಿದ್ದರೆ ಆ ಹೆಸರು ಸಿಗುತ್ತಿರಲಿಲ್ಲ. ಹಿರಿಯರು ಮಾತನಾಡುವಾಗ ಅವರ ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿಕೊಳ್ಳಿ. ಬರೆಯುತ್ತಾ ಕೂತರೆ ಅವರ ಮಾತಿನ ಓಟ ತುಂಡಾಗುತ್ತದೆ.

ಧೂಳು ತೆಗೆಯುವುದು

ರಬ್ಬರ್ ಗಾಳಿಬುಡ್ಡೆಯಿಂದ ಎರಡೂ ಬದಿಗೆ ಗಾಳಿ ಊದಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಸಿಡಿಯುತ್ತದೆ. ಉಳಿದ ಧೂಳಿಗೆ ಮೆತ್ತನೆಯ ಬ್ರಷ್. ಬಹುಪಾಲು ಪಟ್ಟಿಗಳಿಗೆ ಇಷ್ಟೇ ಸಾಕು, ಮುಂದಕ್ಕೆ ಹೋಗಲು ಕೈ ತುರಿಸಿದರೂ ತಡೆದುಕೊಳ್ಳಿ. ಬೆರಳಚ್ಚು ಅಥವಾ ಜಿಡ್ಡು ಇದ್ದರೆ ಫಿಲ್ಮಿಗೆಂದೇ ಮಾರುವ ನೀರಿಲ್ಲದ ದ್ರಾವಣವನ್ನು ನೂಲು ಬಿಡದ ಮೆತ್ತೆಗೆ ತಾಗಿಸಿ, ಮೊದಲು ಚಿತ್ರವಿಲ್ಲದ ತುದಿಯಲ್ಲಿ ಪರೀಕ್ಷಿಸಿ, ಆಮೇಲೆ ಹಗುರವಾಗಿ ಒರೆಸಿ. ಬೂಷ್ಟು ಹಿಡಿದ ಫಿಲ್ಮಿಗೆ ನೀರು ಸೋಕಿಸಲೇಬಾರದು: ಬೂಷ್ಟು ತಿಂದ ಜಿಲೆಟಿನ್ ನೀರಿನಲ್ಲಿ ಕರಗಿ ಚಿತ್ರವೇ ತೊಳೆದುಹೋಗಬಹುದು.

ಯಾವ ಸಾಧನ?

ಮೂರು ದಾರಿಗಳಿವೆ, ನಾಲ್ಕನೆಯದು ಹೊರಗೆ ಕೊಟ್ಟು ಮಾಡಿಸುವುದು. ಹೊರಗೆ ಕೊಡುವುದಾದರೆ ಮೂರು ಪ್ರಶ್ನೆ ಕೇಳಿ: ಎಷ್ಟು ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕಿ), ಯಾವ ಬಗೆಯ ಫೈಲ್, ಪಟ್ಟಿಗಳನ್ನು ಕತ್ತರಿಸದೆ ಅದೇ ಕ್ರಮದಲ್ಲಿ ಹಿಂದಿರುಗಿಸುತ್ತೀರಾ. ಎಲ್ಲವನ್ನೂ ಒಟ್ಟಿಗೆ ಕೊಡದೆ ಮೊದಲು ಒಂದು ರೀಲು ಕೊಟ್ಟು ನೋಡಿ.

ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರ್ 35 ಮಿ.ಮೀ. ಪಟ್ಟಿಗಳಿಗೆ ಒಳ್ಳೆಯ ಫಲ ಕೊಡುತ್ತದೆ, ಆದರೆ ನಿಧಾನ. ಮುಚ್ಚಳದಲ್ಲಿ ಬೆಳಕಿರುವ ಫ್ಲಾಟ್‌ಬೆಡ್ ಸ್ಕ್ಯಾನರ್ ಒಂದೇ ಸಲಕ್ಕೆ ಹಲವು ಫ್ರೇಮ್ ತೆಗೆದುಕೊಳ್ಳುತ್ತದೆ, ದೊಡ್ಡ ಅಳತೆಯ ಫಿಲ್ಮಿಗೂ ಆಗುತ್ತದೆ. ಪೆಟ್ಟಿಗೆಯ ಮೇಲೆ 6400 ಡಿಪಿಐ ಎಂದು ಬರೆದಿದ್ದರೂ ಅದರಲ್ಲಿ ನಿಜವಾಗಿ ಸಿಗುವ ವಿವರ ಅದಕ್ಕಿಂತ ಬಹಳ ಕಡಿಮೆ. ಅಂಕಿ ಏರಿಸಿದರೆ ಫೈಲ್ ದೊಡ್ಡದಾಗುತ್ತದೆ, ಚಿತ್ರ ಸ್ಪಷ್ಟವಾಗುವುದಿಲ್ಲ. 35 ಮಿ.ಮೀ. ಫ್ರೇಮನ್ನು 2400 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಸುಮಾರು 7.7 ಮೆಗಾಪಿಕ್ಸೆಲ್, 3200ಕ್ಕೆ ಸುಮಾರು 13.7, 4000ಕ್ಕೆ 21ರ ಆಸುಪಾಸು. ಮನೆಯ ಚಿತ್ರಗಳಿಗೆ 3200 ಧಾರಾಳವಾಯಿತು.

ಒಂದು ಎಚ್ಚರಿಕೆ. ಹಲವು ಸ್ಕ್ಯಾನರ್‌ಗಳಲ್ಲಿ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು, ಗೀರುಗಳನ್ನು ಗುರುತಿಸಿ ಅಳಿಸುವ ಸೌಲಭ್ಯವಿದೆ. ಬಣ್ಣದ ನೆಗೆಟಿವಿಗೆ ಅದು ವರದಾನ. ಸಾಂಪ್ರದಾಯಿಕ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿ. ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ, ಯಂತ್ರ ಅದನ್ನೂ ಧೂಳೆಂದು ತಿಳಿದು ಚಿತ್ರವನ್ನು ಹಾಳುಮಾಡುತ್ತದೆ. ಕಪ್ಪು-ಬಿಳುಪಿಗೆ ಆ ಸೌಲಭ್ಯವನ್ನು ಬಳಸಬೇಡಿ.

ನಾನು ಮೆಚ್ಚುವುದು ಕ್ಯಾಮೆರಾ ದಾರಿಯನ್ನು. ಒಳ್ಳೆಯ ಡಿಜಿಟಲ್ ಕ್ಯಾಮೆರಾ ಮತ್ತು ಪುಟ್ಟ ವಸ್ತುಗಳನ್ನು ಬಹಳ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಸಿಗುವಂತಿದ್ದರೆ, ಎರವಲು ತಂದಾದರೂ, ಇದನ್ನೇ ಮಾಡಿ. ಸ್ಕ್ಯಾನರ್ ಒಂದು ಫ್ರೇಮಿಗೆ ನಿಮಿಷಗಳನ್ನು ತೆಗೆದುಕೊಂಡರೆ ಇಲ್ಲಿ ಸೆಕೆಂಡುಗಳು ಸಾಕು. ಆಗ ಮಸುಕಾದ ಫ್ರೇಮನ್ನೂ ಬಿಡದೆ ಇಡೀ ರೀಲು ತೆಗೆಯಲು ಮನಸ್ಸಾಗುತ್ತದೆ.

ಕ್ಯಾಮೆರಾದಲ್ಲಿ ತೆಗೆಯುವ ಕ್ರಮ

1. ಬಣ್ಣಗಳನ್ನು ನಿಷ್ಠೆಯಿಂದ ತೋರಿಸುವ ಎಲ್‌ಇಡಿ ಬೆಳಕಿನ ಹಲಗೆ ಬೇಕು. ಆ ನಿಷ್ಠೆಯನ್ನು ಸೂಚಿಸುವ ಸಿಆರ್‌ಐ ಅಂಕಿ 95 ಅಥವಾ ಹೆಚ್ಚಿರಲಿ. ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುವ ಚೌಕಟ್ಟನ್ನು ಹಲಗೆಯಿಂದ ಕೆಲವು ಸೆಂ.ಮೀ. ಎತ್ತರದಲ್ಲಿ ಇಡಿ.

2. ಫಿಲ್ಮಿನ ಸುತ್ತ ಬರುವ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ, ಕೋಣೆಯ ದೀಪ ಆರಿಸಿ. ಪಕ್ಕದಿಂದ ನುಗ್ಗುವ ಬೆಳಕು ಚಿತ್ರವನ್ನು ಸಪ್ಪೆಯಾಗಿಸುತ್ತದೆ.

3. ಕ್ಯಾಮೆರಾವನ್ನು ನೇರ ಕೆಳಕ್ಕೆ ಮುಖಮಾಡಿ ಗಟ್ಟಿಯಾಗಿ ನಿಲ್ಲಿಸಿ. ಫಿಲ್ಮ್ ಇರುವ ಜಾಗದಲ್ಲಿ ಒಂದು ಪುಟ್ಟ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಪರದೆಯ ಸರಿಯಾದ ನಡುವೆ ಕಂಡರೆ ಕ್ಯಾಮೆರಾ ಮತ್ತು ಫಿಲ್ಮ್ ಸಮಾನಾಂತರವಾಗಿವೆ. ಇದೊಂದು ಸರಿಯಿದ್ದರೆ ನಾಲ್ಕು ಮೂಲೆಗಳೂ ಸ್ಪಷ್ಟವಾಗಿ ಬರುತ್ತವೆ.

4. ಫಿಲ್ಮಿನ ಮಂಕು ಬದಿ ಲೆನ್ಸಿನ ಕಡೆಗಿರಲಿ. ಚಿತ್ರ ಎಡಬಲ ತಿರುಗಿ ಬರುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ತಿರುಗಿಸಿದರಾಯಿತು.

5. ಐಎಸ್‌ಒ 100, ಅಪರ್ಚರ್ (ಲೆನ್ಸಿನ ಕಂಡಿಯ ಅಳತೆ) ಎಫ್ 8, ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲ್), ಎರಡು ಸೆಕೆಂಡಿನ ಟೈಮರ್. ಫೋಕಸನ್ನು ಕೈಯಲ್ಲಿ ಮಾಡಿ. ಪರದೆಯಲ್ಲಿ ಹಿಗ್ಗಿಸಿ ನೋಡಿದಾಗ ಫಿಲ್ಮಿನ ಕಣಗಳೇ ಎದ್ದು ಕಾಣಬೇಕು.

6. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಅಳತೆಯನ್ನು, ರೀಲಿಗೊಮ್ಮೆ ಮಾತ್ರ ನಿಗದಿ ಮಾಡಿ. ನೆಗೆಟಿವಿನಲ್ಲಿ ಎಲ್ಲಕ್ಕಿಂತ ಪ್ರಕಾಶಮಾನವಾದ ಜಾಗ ಎಂದರೆ ಎರಡು ಫ್ರೇಮ್‌ಗಳ ನಡುವಿನ ಖಾಲಿ ಪಟ್ಟಿ. ಅದು ಪೂರ್ತಿ ಬಿಳಿಚಿ ಹೋಗುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ, ಇಡೀ ರೀಲನ್ನು ಅದೇ ಅಳತೆಯಲ್ಲಿ ತೆಗೆಯಿರಿ.

ಪ್ರತಿ ರೀಲಿನ ಮೊದಲ ಚಿತ್ರವಾಗಿ ಲಕೋಟೆಯದ್ದನ್ನೇ ತೆಗೆಯಿರಿ. ಫ್ರೇಮಿನ ಸುತ್ತ ಸ್ವಲ್ಪ ಅಂಚೂ ಸೇರಲಿ, ಅದು ಮುಂದಿನ ಹೆಜ್ಜೆಗೆ ಬೇಕು.

ನೆಗೆಟಿವನ್ನು ಚಿತ್ರವಾಗಿಸುವುದು

ಹೆಚ್ಚಿನವರು ಸೋಲುವುದು ಇಲ್ಲಿ. ಬಣ್ಣಗಳನ್ನು ಬರೀ ತಿರುವುಮುರುವು ಮಾಡಿದರೆ ಎಲ್ಲವೂ ನೀಲಿಯಾಗಿ ಬರುತ್ತದೆ, ಫಿಲ್ಮ್ ಕೆಟ್ಟಿದೆ ಎಂದು ಕೈಬಿಡುತ್ತಾರೆ. ಕೆಟ್ಟಿರುವುದಿಲ್ಲ. ಫಿಲ್ಮಿನ ವರ್ಣದ್ರವ್ಯಗಳು ತಾವು ಹೀರಬೇಕಾದ ಬಣ್ಣವನ್ನು ಮಾತ್ರ ಹೀರದೆ ಬೇರೆಯದನ್ನೂ ಸ್ವಲ್ಪ ಹೀರುತ್ತವೆ. ಆ ದೋಷವನ್ನು ಸರಿದೂಗಿಸಲೆಂದೇ ತಯಾರಕರು ಕಿತ್ತಳೆ ಛಾಯೆಯನ್ನು ಸೇರಿಸಿದ್ದಾರೆ. ಕಿತ್ತಳೆ ತಿರುಗಿದರೆ ನೀಲಿ. ಆದ್ದರಿಂದ ಮೊದಲು ಕಿತ್ತಳೆಯನ್ನು ಕಳೆಯಬೇಕು, ಆಮೇಲೆ ತಿರುಗಿಸಬೇಕು.

ಚಿತ್ರ ತಿದ್ದುವ ತಂತ್ರಾಂಶದ ವೈಟ್ ಬ್ಯಾಲೆನ್ಸ್ ಉಪಕರಣದಿಂದ ಚಿತ್ರದ ಅಂಚಿನ ಖಾಲಿ ಫಿಲ್ಮನ್ನು ಆರಿಸಿ, ಕಿತ್ತಳೆ ಬೂದಾಗುತ್ತದೆ. ಈಗ ಬಣ್ಣ ತಿರುಗಿಸಿ. ನಂತರ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು, ಕಪ್ಪಿನಿಂದ ಬಿಳುಪಿನವರೆಗಿನ ಹರಹನ್ನು ತೋರಿಸುವ ಲೆವೆಲ್ಸ್ ಎಂಬ ಗ್ರಾಫಿನಲ್ಲಿ ಎರಡೂ ತುದಿಯ ಗುರುತುಗಳನ್ನು ಚಿತ್ರದ ಮಾಹಿತಿ ಶುರುವಾಗುವಲ್ಲಿಗೆ ಸರಿಸಿ. ಮೂರನೆಯ ಚಾನೆಲ್ ಸರಿಸುವ ಹೊತ್ತಿಗೆ ಚರ್ಮಕ್ಕೆ ಚರ್ಮದ ಬಣ್ಣ ಬರುತ್ತದೆ. ಮೊದಲ ಸಲ ಅದು ಕಣ್ಣೆದುರು ಬರುವ ಗಳಿಗೆಗಾಗಿ ಇಷ್ಟೆಲ್ಲ ಮಾಡಬಹುದು.

ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ತಂತ್ರಾಂಶದಲ್ಲಿ ನೆಗಾಡಾಕ್ಟರ್ ಎಂಬ ವಿಭಾಗ ಇದೇ ಕೆಲಸಕ್ಕಿದೆ. ಲೈಟ್‌ರೂಮ್ ಬಳಸುವವರಿಗೆ ನೆಗೆಟಿವ್ ಲ್ಯಾಬ್ ಪ್ರೋ ಇದೆ, ಸ್ಕ್ಯಾನರ್ ಇದ್ದವರಿಗೆ ವ್ಯೂಸ್ಕ್ಯಾನ್, ಸಿಲ್ವರ್‌ಫಾಸ್ಟ್ ಇವೆ. ಯಾವುದರಲ್ಲೇ ಆಗಲಿ, ಒಂದು ಫ್ರೇಮನ್ನು ಸರಿಮಾಡಿ ಅದೇ ಅಳತೆಯನ್ನು ಇಡೀ ರೀಲಿಗೆ ಅನ್ವಯಿಸಿ. ಒಂದೇ ದಿನ, ಒಂದೇ ಫಿಲ್ಮ್, ಒಂದೇ ಸಲ ತೊಳೆಸಿದ್ದು, ಬಹುಮಟ್ಟಿಗೆ ಹೊಂದುತ್ತದೆ. ಕಪ್ಪು-ಬಿಳುಪಿಗೆ ಈ ತಾಪತ್ರಯವಿಲ್ಲ, ತಿರುಗಿಸಿ ಕಾಂಟ್ರಾಸ್ಟ್ ಹೊಂದಿಸಿದರೆ ಮುಗಿಯಿತು.

ಧೂಳಿನ ಚುಕ್ಕಿಗಳನ್ನು ಅಳಿಸಿ, ಆದರೆ ಮುಖಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೊಟ್ಟು ಹೊಳಪು ಮಾಡಿಸಬೇಡಿ. ಅದು ಇಲ್ಲದ ವಿವರವನ್ನು ತಾನೇ ಊಹಿಸಿ ಬರೆಯುತ್ತದೆ. ನಿಮ್ಮ ಅಜ್ಜಿಯ ಮುಖದಲ್ಲಿ ಯಾರದ್ದೋ ಕಣ್ಣು ಬಂದು ಕೂರುತ್ತದೆ.

ಹೆಸರು, ದಿನಾಂಕ, ಪ್ರತಿಗಳು

ಮೂಲ ಪ್ರತಿಯನ್ನು 16 ಬಿಟ್ ಟಿಫ್ (ವಿವರ ಕಳೆಯದೆ ಉಳಿಸುವ ದೊಡ್ಡ ಫೈಲ್) ಆಗಿಯೋ ರಾ ಫೈಲ್ ಆಗಿಯೋ ಇಡಿ, ಹಂಚಲು ಜೆಪೆಗ್ ಮಾಡಿಕೊಳ್ಳಿ. 3200 ಡಿಪಿಐನ ಒಂದು ಬಣ್ಣದ ಟಿಫ್ ಸುಮಾರು 80 ಎಂಬಿ ಆಗುತ್ತದೆ, ಅಂದರೆ 36 ಫ್ರೇಮಿನ ರೀಲಿಗೆ 3 ಜಿಬಿಗೆ ಹತ್ತಿರ. ಫೈಲಿನ ಹೆಸರಿನಲ್ಲಿ ವರ್ಷ, ರೀಲು, ಫ್ರೇಮ್ ಈ ಕ್ರಮ ಇರಲಿ: 1986_ರೀಲು03_22. ವರ್ಷ ಖಚಿತವಿಲ್ಲದಿದ್ದರೆ 198x ಎಂಬಂತೆ ಬರೆಯಿರಿ.

ಸ್ಕ್ಯಾನ್ ಮಾಡಿದ ಫೈಲಿನೊಳಗೆ ಇಂದಿನ ದಿನಾಂಕ ಸೇರಿಕೊಂಡಿರುತ್ತದೆ. ಸರಿಪಡಿಸದಿದ್ದರೆ ನಿಮ್ಮ ತಾತನ ಯೌವನದ ಚಿತ್ರ ಕಳೆದ ವಾರದ ಚಿತ್ರಗಳ ನಡುವೆ ಹೋಗಿ ಕೂರುತ್ತದೆ. ಎಕ್ಸಿಫ್‌ಟೂಲ್ ಎಂಬ ಉಚಿತ ಉಪಕರಣದಿಂದ ಇಡೀ ರೀಲಿನ ದಿನಾಂಕವನ್ನು ಒಟ್ಟಿಗೆ ಬದಲಿಸಬಹುದು. ಹೆಸರುಗಳನ್ನು ಫೈಲಿನ ವಿವರಣೆಯ ಜಾಗದಲ್ಲೇ ಬರೆಯಿರಿ, ಹಿಂದಿನ ಸಾಲು ಎಡದಿಂದ ಎಂದು ಶುರುಮಾಡಿ. ಯಾರು ಗುರುತಿಸಿದರು ಎನ್ನುವುದನ್ನೂ ಸೇರಿಸಿ.

ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ. ಕುಟುಂಬದ ಮೂರು ಮನೆಗಳಿಗೆ ಒಂದೊಂದು ಹಾರ್ಡ್ ಡಿಸ್ಕ್ ಕೊಟ್ಟರೆ ಇನ್ನೂ ಒಳ್ಳೆಯದು.

ತೊಳೆಸದ ರೀಲು ಸಿಕ್ಕರೆ

ಹಳೆಯ ಕ್ಯಾಮೆರಾ ಸಿಕ್ಕಿದ ಕೂಡಲೇ ಹಿಂಬದಿಯ ಬಾಗಿಲು ತೆರೆಯಬೇಡಿ, ಒಳಗೆ ರೀಲಿರಬಹುದು. ರೀಲು ಸುತ್ತುವ ಗುಬ್ಬಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಬಿಗಿ ತಾಗಿದರೆ ಫಿಲ್ಮ್ ಇದೆ. ಬಣ್ಣದ ನೆಗೆಟಿವ್ ತೊಳೆಯಲು ಇಂದಿಗೂ ನಡೆಯುತ್ತಿರುವ ಸಿ-41 ವಿಧಾನ 1972ರಲ್ಲಿ ಬಂದದ್ದು. ಅದಕ್ಕಿಂತ ಹಿಂದಿನ ಸಿ-22 ವಿಧಾನದ ರೀಲನ್ನು ಅದರಲ್ಲಿ ತೊಳೆಯಬಾರದು. ಕಪ್ಪು-ಬಿಳುಪಾಗಿ ತೊಳೆದರೆ ಚಿತ್ರ ಉಳಿಯುವ ಸಾಧ್ಯತೆ ಇದೆ. ಇಂಥದ್ದರಲ್ಲಿ ಪಳಗಿದವರಿಗೇ ಕೊಡಿ.

ಮತ್ತೆ ಒಳಗಿಡುವುದು

ಸ್ಕ್ಯಾನ್ ಆಯಿತೆಂದು ನೆಗೆಟಿವ್ ಎಸೆಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮೂಲ ಅದೇ, ಮುಂದೆ ಇನ್ನೂ ಒಳ್ಳೆಯ ಯಂತ್ರ ಬಂದರೆ ಮತ್ತೆ ಅದರ ಹತ್ತಿರವೇ ಹೋಗಬೇಕು. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಗಳಲ್ಲಿ, ಇಲ್ಲವೇ ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ ಇಡಿ. ಪಿವಿಸಿ ಹಾಳೆ ಬೇಡ, ಅದು ಬಿಡುವ ಆವಿ ಫಿಲ್ಮಿಗೆ ವಿಷ. ತಂಪಾದ, ಶೇ. 30ರಿಂದ 50ರಷ್ಟು ಆರ್ದ್ರತೆಯ ಜಾಗ ಒಳ್ಳೆಯದು, ಶೇ. 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ಅಟ್ಟ ಮತ್ತು ಅಡುಗೆಮನೆಯ ಗೋಡೆಯ ಕಪಾಟು ಎರಡೂ ಬೇಡ. ಹಾಳೆಯ ಮೇಲೆ ಬರೆಯುವುದನ್ನು ಪಟ್ಟಿ ಒಳಗೆ ಹಾಕುವ ಮೊದಲೇ ಬರೆಯಿರಿ, ಒಳಗಿದ್ದಾಗ ಒತ್ತಿ ಬರೆದರೆ ಗೀರು ಬೀಳುತ್ತದೆ.

ಅಪ್ಪನ ಲಕೋಟೆಗಳನ್ನು ನಾನು ಎಸೆಯಲಿಲ್ಲ. ಪಟ್ಟಿಗಳು ಹೊಸ ಹಾಳೆಗೆ ಹೋದವು, ಖಾಲಿ ಲಕೋಟೆಗಳು ಸಂಖ್ಯೆಯ ಪ್ರಕಾರ ಅದೇ ತಗಡಿನ ಡಬ್ಬಿಯಲ್ಲಿವೆ. ಮೂರನೆಯದರ ಮೂಲೆಯಲ್ಲಿ ಅವರು ಪೆನ್ಸಿಲಿನಲ್ಲಿ ‘ಒಂದು ಕೆಟ್ಟಿದೆ’ ಎಂದು ಬರೆದಿದ್ದಾರೆ. ಅಮ್ಮ ನಗುತ್ತಿರುವ ಫ್ರೇಮ್ ಅದು.